ದೇವಳಾಲಿಯ ತಾಪ

ಕೆಂಪವ್ವನ ಗಂಡ ಕಾಡಪ್ಪ ದಂಡಿನಿಂದ ಮನೆಗೆ ಬಂದದ್ದು ಎಪ್ಪತ್ತೆರಡರ ದೀಪಾವಳಿಯ ಮುಂಚಿನ ವಾರ. ಒಬ್ಬನೇ ಬರಲಿಲ್ಲ, ನಿಪ್ಪಾಣಿ ಕಡೆಯ ಒಬ್ಬ ಸಿಪಾಯಿ ಅವನನ್ನು ಕರೆತಂದಿದ್ದ. ಕಿತ್ತೂರಿನಲ್ಲಿ ಬಸ್ಸಿಳಿದು, ಹೊಲದ ಹಾದಿ ಹಿಡಿದು ದೇಗಾಂವ ಸೇರುವ ತನಕ ಆ ಸಿಪಾಯಿ ಕಾಡಪ್ಪನ ಮೊಣಕೈ ಬಿಟ್ಟಿರಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಕೆಂಪವ್ವ ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ, ಆ ಹಿಡಿತವನ್ನು. ಕಣ್ಣು ಕಾಣದವರನ್ನು ಹಾಗೆ ಹಿಡಿಯುತ್ತಾರೆ.

"ಕಾಲಿನ ಎಲುಬು ಚಲೋ ಕೂಡೈತಿ, ಬಾಯಿ," ಎಂದ ಸಿಪಾಯಿ ಚಹದ ಕಪ್ಪನ್ನು ಕೆಳಗಿಡುತ್ತ. ಮುಂದಿನದನ್ನು ಹೇಳಲು ಅವನಿಗೆ ಸಂಕೋಚ. "ಬಾಕೀದು... ಅದಕ್ಕ ನಮ್ಮ ಸಾಹೇಬ ಲೋಕ ಡೂಲಾಲಿ ಅಂತಾರ. ಸಾವಕಾಶ ಆರಾಮ ಆಗತಾರ, ನೀವು ಅಂಜಬ್ಯಾಡ್ರಿ."

ಅವನು ಹೋದ ಮೇಲೆ ಕೆಂಪವ್ವ ಒಲೆಯ ಮುಂದೆ ಕುಳಿತು ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಡೂಲಾಲಿ. ಟೈಫಾಯಿಡು, ಮಲೇರಿಯಾ ಇದ್ದ ಹಾಗೆ ಇದೂ ಒಂದು. ಅವಳಿಗೆ ಸಮಾಧಾನವೇ ಆಯಿತು. ಹೆಸರಿರುವ ರೋಗಕ್ಕೆ ಎಲ್ಲೋ ಒಂದು ಕಡೆ ಗುಳಿಗೆಯೂ ಇರುತ್ತದೆ.

ಕಾಡಪ್ಪ ತೋಪಖಾನೆಯ ಸಿಪಾಯಿ. ನಾಸಿಕದ ಹತ್ತಿರದ ದೇವಳಾಲಿಯ ದಂಡಿನ ಛಾವಣಿಯಲ್ಲಿ ತೋಪು ನಡೆಸಲು ಕಲಿತವನು. ಎಪ್ಪತ್ತೊಂದರ ಲಡಾಯಿ ಇನ್ನೇನು ಹತ್ತಿಕೊಳ್ಳುತ್ತದೆ ಎನ್ನುವಾಗ ಕವಾಯತಿನಲ್ಲಿ ತೋಪಿನ ಗಾಲಿಯೊಂದು ಅವನ ಪಾದದ ಮೇಲೆ ಹರಿಯಿತು. ಅವನ ತುಕಡಿ ಗಡಿಗೆ ಹೋಯಿತು. ಇವನಿಗೆ, "ಕಾಲು ನೆಟ್ಟಗಾದ ಕೂಡಲೇ ಗಾಡಿ ಬರತದ, ತಯಾರಾಗಿರು" ಎಂದರು. ಇವನು ತಯಾರಾಗಿದ್ದ. ಲಡಾಯಿ ಎರಡು ವಾರದೊಳಗೆ ಮುಗಿದುಹೋಯಿತು. ಇವನ ತೋಪಿನ ಮೇಲಿದ್ದ ಇಬ್ಬರು ತಿರುಗಿ ಬರಲಿಲ್ಲ. ಯಾವ ಗಾಡಿಯೂ ಬರುವ ಕಾರಣ ಉಳಿದಿರಲಿಲ್ಲ. ಆದರೂ ಕಾಡಪ್ಪ ದಿನಾ ಬೆಳಿಗ್ಗೆ ಟ್ರಂಕು ಕಟ್ಟಿಕೊಂಡು ಸಿಪಾಯಿಗಳ ಬರಾಕಿನ ಬಾಗಿಲಲ್ಲಿ ನಿಲ್ಲುವುದನ್ನು ಬಿಡಲಿಲ್ಲ.

ಊರಿಗೆ ಬಂದ ಮೇಲೆ ಬರಾಕು ಹೋಗಿ ರಸ್ತೆ ಬಂತು, ಅಷ್ಟೇ. ಕೋಳಿ ಕೂಗುವ ಹೊತ್ತಿಗೆ ಎದ್ದು ಗಡ್ಡ ಹೆರೆದುಕೊಂಡು, ಖಾಕಿ ತೊಟ್ಟು, ಟ್ರಂಕನ್ನು ಹೆಗಲಿಗೇರಿಸಿ ಹೊರಡುತ್ತಿದ್ದ. ದೇಗಾಂವದ ಹಾದಿ ಪುಣೆ-ಬೆಂಗಳೂರು ರಸ್ತೆಯನ್ನು ಕೂಡುವಲ್ಲಿ ಒಂದು ಹುಣಸೆ ಮರ. ಅದರ ಬುಡದಲ್ಲಿ ಟ್ರಂಕನ್ನಿಟ್ಟು ಹೊತ್ತು ಮುಳುಗುವವರೆಗೆ ನಿಲ್ಲುತ್ತಿದ್ದ. ಲಾರಿಯವರಿಗೆ ಅವನ ಗುರುತಾಯಿತು. ಕೆಲವರು ಹಾರ್ನ್ ಹೊಡೆದು ಸಲಾಮು ಮಾಡುತ್ತಿದ್ದರು. ಕೆಲವರು, "ಏ ಜನರಲ್, ಗಾಡಿ ಹಿಂದ ಬರಾಕ್ಹತ್ತೈತಿ!" ಎಂದು ಕೂಗಿ ನಗುತ್ತಿದ್ದರು. ಆಗ ಕಾಡಪ್ಪ ಹಿಂದಿನ ತಿರುವಿನತ್ತ ನೋಡುತ್ತಿದ್ದ.

"ಲಡಾಯಿ ಮುಗದೈತ್ರಿ," ಎಂದಿದ್ದಳು ಕೆಂಪವ್ವ ಒಂದು ಸಂಜೆ, ರೊಟ್ಟಿ ಬಡಿಯುತ್ತ.

"ಗೊತ್ತೈತಿ."

"ಮತ್ತ?"

"ತಯಾರಿರು ಅಂದಾರ. ಇನ್ನ ಬ್ಯಾಡ ಅಂತ ಯಾರೂ ಅಂದಿಲ್ಲ."

ಅಷ್ಟು ಹೇಳಿ ಅವನು ಊಟಕ್ಕೆ ಬಾಗಿದ. ಮಾತಿನಲ್ಲಿ ಹುಚ್ಚಿನ ಎಳೆಯೂ ಇರಲಿಲ್ಲ. ಅದೇ ಅವಳಿಗೆ ಭಯ ತಂದದ್ದು.

ಕಾಡಪ್ಪನ ಅಣ್ಣ ಲಗಮಪ್ಪನದು ಅದೇ ಗೋಡೆಯ ಆಚೆಯ ಮನೆ. ಕೆಟ್ಟವನಲ್ಲ. ತಮ್ಮ ದಂಡಿನಲ್ಲಿದ್ದಾಗ ಅವನ ಹೊಲ ಉತ್ತು ಬಿತ್ತಿದವನು. ಆದರೆ ಮಗಳು ಕಾಡವ್ವನನ್ನು ನೋಡಲು ಹೂಲಿಯಿಂದ ಬಂದ ಬೀಗರು ರಸ್ತೆಯಲ್ಲಿ ಟ್ರಂಕಿನವನನ್ನು ಕಂಡು, ಅವನು ಹುಡುಗಿಯ ಚಿಕ್ಕಪ್ಪನೆಂದು ತಿಳಿದು, ಚಹ ಮುಟ್ಟದೆ ಎದ್ದು ಹೋದರು. ಯುಗಾದಿಯ ಹಿಂದೆಮುಂದೆ ಒಂದು ಮಿಲಿಟರಿ ಲಾರಿಗೆ ಅಡ್ಡ ಹೋಗಿ ಕಾಡಪ್ಪ ಸಾಯುವುದು ಕೂದಲೆಳೆಯಲ್ಲಿ ತಪ್ಪಿತು. ಅಂದು ಲಗಮಪ್ಪ ಅಂಗಳದಲ್ಲಿ ನಿಂತು ಹೇಳಿದ:

"ಕೆಂಪವ್ವ, ಕಾರಹುಣ್ಣಿವಿ ತನಕ ನೋಡತೇನಿ. ಆಮ್ಯಾಲೆ ಅವನ್ನ ಧಾರವಾಡಕ್ಕ ಬಿಟ್ಟ ಬರತೇನಿ."

ನಮ್ಮ ಕಡೆ ಯಾರಾದರೂ ಆ ದನಿಯಲ್ಲಿ ಧಾರವಾಡ ಎಂದರೆ, ಧಾರವಾಡದಲ್ಲಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ; ಅಲ್ಲಿಯ ಹುಚ್ಚಾಸ್ಪತ್ರೆ ಎಲ್ಲರಿಗೂ ಗೊತ್ತು.

"ಭಾವ, ಅವರಿಗೆ ಡೂಲಾಲಿ ಆಗೇತಿ. ಔಷಧ ಹುಡಕತೇನಿ," ಎಂದಳು ಕೆಂಪವ್ವ.

"ಹುಡುಕವಾ," ಎಂದ ಲಗಮಪ್ಪ. "ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಹುಣ್ಣಿವಿ ತನಕ."

ಕೆಂಪವ್ವ ರಾಮದುರ್ಗ ಸೀಮೆಯ ಒಣನೆಲದಲ್ಲಿ ಹುಟ್ಟಿದವಳು. ಅಲ್ಲಿ ಹತ್ತು ಮಾರು ತೋಡಿದರೂ ನೀರು ಬರದಿದ್ದರೆ ಜನ ಹನ್ನೊಂದನೆಯ ಮಾರು ತೋಡುತ್ತಾರೆ. ಮಾತು ಕಡಿಮೆ. ಹಿಡಿದದ್ದನ್ನು ಬಿಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮರುದಿನವೇ ಕಿತ್ತೂರಿನ ದವಾಖಾನೆಯೊಂದರ ಕಂಪೌಂಡರನ ಮುಂದೆ ನಿಂತು, "ಡೂಲಾಲಿಗೆ ಗುಳಿಗಿ ಐತೇನ್ರಿ?" ಎಂದು ಕೇಳಿದಳು. ಅವನು ನಕ್ಕ. ಅವಳು ನಗದೆ ನಿಂತೇ ಇದ್ದದ್ದನ್ನು ನೋಡಿ ನಗು ನಿಲ್ಲಿಸಿದ.

"ಆ ಹೆಸರು ನಾ ಕೇಳಿಲ್ಲವಾ. ಬೈಲಹೊಂಗಲದಾಗ ತಾರಾಬಾಯಿ ಅಂತ ಅದಾರ. ಇಂಗ್ಲೀಷರ ಕಾಲಕ್ಕ ಮಿಲಿಟರಿ ದವಾಖಾನ್ಯಾಗ ನರ್ಸ್ ಇದ್ದವರು. ಅವರಿಗೇನರ ಗೊತ್ತಿದ್ರ ಗೊತ್ತು."

ತಾರಾಬಾಯಿ ವೈದಿಕ ಮನೆತನದ ಹೆಣ್ಣು. ಹದಿನೆಂಟಕ್ಕೆ ವಿಧವೆಯಾಗಿ, ತಲೆ ಬೋಳಿಸಲು ಬಂದ ಮನೆಯವರಿಗೆ ಬೆನ್ನು ತೋರಿಸಿ, ಮೀರಜಿಗೆ ಹೋಗಿ ನರ್ಸಿನ ಕೆಲಸ ಕಲಿತವರು. ಈಗ ಬೈಲಹೊಂಗಲದ ಪೇಟೆಯ ಹಿಂದೆ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತ ಕೆಂಪವ್ವನನ್ನು ನೋಡಿ ಗದರಿದರು.

"ಅಲ್ಲೇ ಯಾಕ ನಿಂತೀ? ಒಳಗ ಬಾ. ಕೂಡು. ನಾ ಎಂಥೆಂಥವರ ಹೇಲು-ಉಚ್ಚಿ ಬಳದೀನಿ, ನಿನ್ನ ಮುಟ್ಟಿದ್ರ ಏನೂ ಆಗೂದಿಲ್ಲ."

ಕೆಂಪವ್ವ ಒಳಗೆ ಬಂದು ಕುಳಿತು, ಎಲ್ಲವನ್ನೂ ಹೇಳಿ, ಕೊನೆಗೆ ರೋಗದ ಹೆಸರು ಹೇಳಿದಳು.

"ಎಷ್ಟ ವರ್ಷ ಆತು ಆ ಶಬ್ದ ಕೇಳಿ," ಎಂದರು ತಾರಾಬಾಯಿ. "ತಂಗಿ, ಅದು ರೋಗದ ಹೆಸರಲ್ಲ. ಊರಿನ ಹೆಸರು. ನಿನ್ನ ಗಂಡ ಇದ್ದನಲ್ಲ, ಅದ ದೇವಳಾಲಿ. ಇಂಗ್ಲೀಷರ ನಾಲಿಗಿಗೆ ದೇವಳಾಲಿ ಹೊರಳಲಿಲ್ಲ, ಡೂಲಾಲಿ ಆತು."

"ಊರಿನ ಹೆಸರ ಯಾಕ್ರಿ ರೋಗಕ್ಕ?"

"ಕೇಳು. ಹಿಂದ ಇಂಗ್ಲೀಷ್ ಸಿಪಾಯಿಗಳು ನೌಕರಿ ಮುಗದ ಮ್ಯಾಲೆ ತಮ್ಮ ದೇಶಕ್ಕ ಹೋಗಬೇಕಂದ್ರ ಮುಂಬೈದಾಗ ಹಡಗ ಹತ್ತಬೇಕಿತ್ತು. ಅಲ್ಲೀತನಕ ದೇವಳಾಲಿಯೊಳಗ ಇರಬೇಕು. ಹಡಗ ಬರೂದು ಚಳಿಗಾಲಕ್ಕ ಅಷ್ಟ. ಬ್ಯಾಸಿಗ್ಯಾಗ ಬಂದವ ಮಳಿಗಾಲ ಪೂರ್ತಿ ಕೂಡಬೇಕು. ಕವಾಯತು ಇಲ್ಲ, ಬಂದೂಕ ಇಲ್ಲ, ಮಾಡ್ಲಿಕ್ಕೆ ಕೆಲಸಿಲ್ಲ. ಬಿಸಿಲು, ಮ್ಯಾಲೆ ಜ್ವರ. ಕುಡೀತಿದ್ರು, ಬಡದಾಡ್ತಿದ್ರು. ಕೆಲವರು ಗ್ವಾಡಿ ನೋಡ್ಕೋತ ಕೂಡ್ತಿದ್ರು. ಅದಕ್ಕ ಡೂಲಾಲಿ ತಾಪ ಅಂದ್ರು. ತಾಪ ಅಂದ್ರ ನಮ್ಮ ತಾಪನ, ಅದೇನೂ ಬ್ಯಾರೆ ಅಲ್ಲ. ಆಮ್ಯಾಲೆ ತಾಪ ಬಿದ್ದಹೋತು, ಊರಿನ ಹೆಸರಷ್ಟ ಉಳೀತು. ವಿಲಾಯತಿಗೆ ಹೋಗಿ ಅದನ್ನ ಬಿತ್ತಿದ್ರು. ಈಗ ಅಲ್ಲೆ ಯಾವನರ ತಲಿ ಕೆಟ್ಟಂಗ ಮಾಡಿದ್ರ ಡೂಲಾಲಿ ಅಂತ ನಗತಾರಂತ. ನಾಸಿಕ ಎಲ್ಲದ ಅನ್ನೂದೂ ಅವರಿಗೆ ಗೊತ್ತಿಲ್ಲ."

"ನಮಗೇನು ಕಡಿಮಿ?" ತಾರಾಬಾಯಿ ತಮ್ಮಷ್ಟಕ್ಕೇ ನಕ್ಕರು. "ಧಾರವಾಡದಾಗ ಕಾಲೇಜ ಅದ, ಪೇಢೆ ಅದ, ಸಂಗೀತ ಅದ. ಆದ್ರ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂದ್ರ ಪೇಢೆ ತಿನ್ಲಿಕ್ಕಂತ ಯಾರರ ತಿಳೀತಾರೇನು?"

"ಬಾಯಾರ, ನೀವು ಅವರಿಗೆ ಏನ ಔಷಧ ಕೊಡ್ತಿದ್ರಿ?"

"ನಾ ಹೋಗೂದ್ರಾಗ ಆ ಹಡಗಿನ ಕಾಲ ಮುಗದಿತ್ತು. ಆದ್ರ ಯುದ್ಧದಾಗ ಕಾಯೂ ಮಂದೀನ ನಾನೂ ನೋಡೀನಿ. ಜ್ವರಕ್ಕ ಕ್ವಿನೈನ್ ಕೊಡ್ತಿದ್ವಿ. ಕಾಯೂದಕ್ಕ ಕೊಡ್ಲಿಕ್ಕೆ ನಮ್ಮ ಕಪಾಟಿನ್ಯಾಗ ಏನೂ ಇರಲಿಲ್ಲ, ತಂಗಿ. ಹಡಗ ಬಂತಂದ್ರ ಅರ್ಧಾ ಮಂದಿ ತಾವ ಎದ್ದ ನಿಲ್ತಿದ್ರು." ಮತ್ತೆ ಸೇರಿಸಿದರು, "ಧಾರವಾಡದ ಡಾಕ್ಟರು ಕೆಟ್ಟವರಲ್ಲ. ಅಗದೀ ಆಗಲಿಲ್ಲಂದ್ರ ಕರಕೊಂಡು ಹೋಗು. ಬಿಟ್ಟ ಬರಬ್ಯಾಡ. ಅಲ್ಲಿ ಬಿಟ್ಟಬಂದ್ರ ಅಂವ ಮತ್ತ ಬಾಗಲಾ ನೋಡ್ಕೋತ ನಿಲ್ತಾನ."

ಬೈಲಹೊಂಗಲದಿಂದ ಹೊರಟ ಬಸ್ಸಿನಲ್ಲಿ ಹತ್ತಿಯ ಅಂಡಿಗೆಗಳ ನಡುವೆ ನಿಂತು ಕೆಂಪವ್ವ ಯೋಚಿಸಿದಳು. ಗುಳಿಗೆ ಇಲ್ಲ. ಹಡಗೂ ಇಲ್ಲ. ರೋಗವಂತೂ ಏನೆಂದು ತಿಳಿಯಿತು.

ಮೊದಲು ಅವಳು ಕೆಲಸ ಕೊಟ್ಟು ನೋಡಿದಳು. ಬೇಲಿ ಕಟ್ಟಿಸಿದಳು, ಕಟ್ಟಿಗೆ ಒಡೆಸಿದಳು, ಬಾವಿಯ ಹಗ್ಗ ಹೊಸೆಸಿದಳು. ಕಾಡಪ್ಪ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ, ಬೆಳಕು ಹರಿಯುವ ಮುಂಚೆಯೇ. ಆಮೇಲೆ ಟ್ರಂಕೆತ್ತಿಕೊಂಡು ಹೋದ. ಕೆಲಸವೂ ಅವನಿಗೆ ಕಾಯುವುದರ ಒಂದು ಭಾಗವಾಗಿತ್ತು. ಅವಳು ಹುಣಸೆ ಮರದ ಕೆಳಗೆ ಅವನ ಬುತ್ತಿ ಇಟ್ಟು, ಅವನ ಕಣ್ಣು ರಸ್ತೆಯ ಮೇಲೆ ನೆಟ್ಟಿದ್ದನ್ನು ಕಂಡು ತಿರುಗಿ ಬರುವಾಗ ಒಂದು ದಿನ ಹೊಳೆಯಿತು: ಇವನು ಗಾಡಿಗಾಗಿ ಕಾಯುತ್ತಾನೆ, ಇವನಿಗಾಗಿ ಯಾರೂ ಕಾಯುತ್ತಿಲ್ಲ.

ಮುಂಗಾರಿನ ಮಿರಗದ ಮಳೆಗೆ ಮುಂಚೆ ದೇಗಾಂವದಲ್ಲಿ ಮನೆಮನೆಯ ಹಂಚು ತಿರುವುತ್ತಾರೆ. ನಾಡಹಂಚುಗಳನ್ನೆಲ್ಲ ಇಳಿಸಿ, ಕಸ ಝಾಡಿಸಿ, ಒಡೆದವನ್ನು ಬದಲಿಸಿ, ಮತ್ತೆ ಹೊದಿಸಬೇಕು. ಒಂದು ಮನೆಯವರ ಕೈಲಿ ಆಗುವುದಲ್ಲ. ಅದಕ್ಕೆ ಮುಯ್ಯಾಳು: ಇಂದು ನೀನು ನನ್ನ ಮನೆಗೆ ಬಂದರೆ, ನಾಳೆ ನಾನು ನಿನ್ನ ಮನೆಗೆ. ಕೂಲಿಯ ಮಾತಿಲ್ಲ. ಮುಯ್ಯಿಯನ್ನು ಮೈಯಿಂದಲೇ ತೀರಿಸಬೇಕು, ಅದೂ ಮುಯ್ಯಿ ಹೊತ್ತ ಮನುಷ್ಯನೇ. ಹಾಗಾಗಿ ಯಾರಿಗಾದರೂ ಮುಯ್ಯಿ ಕೊಡುವುದೆಂದರೆ ‘ಇವನು ಬರುತ್ತಾನೆ’ ಎಂದು ನಂಬಿದ ಹಾಗೆ.

ಕೆಂಪವ್ವ ಓಣಿಯ ಮನೆಮನೆಗೆ ಹೋಗಿ ಕೇಳಿದಳು: "ನಮ್ಮ ಮನಿ ಹಂಚಿಗೆ ಬರ್ರಿ. ಮುಯ್ಯಿ ನಮ್ಮವರ ಹೆಸರ ಮ್ಯಾಲೆ."

"ನೀ ತೀರಸ್ತೀಯಂದ್ರ ಬರ್ತೇವಿ," ಎಂದಳು ಸಾವಿತ್ರೆವ್ವ. "ನಿನ್ನ ಗಂಡನ್ನ ನನ್ನ ಮಕ್ಕಳ ತಲಿ ಮ್ಯಾಲೆ ಹತ್ತಸಲ್ಯಾ? ಬ್ಯಾಡವಾ ತಾಯಿ."

ಎಲ್ಲ ಬಾಗಿಲಲ್ಲೂ ಅದೇ ಉತ್ತರ. ಉಳಿದದ್ದು ಓಣಿಯ ತುದಿಯ ಮಾಳಪ್ಪ. ಅವನನ್ನು ಯಾರೂ ಮುಯ್ಯಾಳಿಗೆ ಕರೆಯುತ್ತಿರಲಿಲ್ಲ. ಬೆಳಿಗ್ಗೆ ಬರುತ್ತೇನೆಂದವನು ಊಟದ ಹೊತ್ತಿಗೆ ಬರುತ್ತಿದ್ದ, ಊಟ ಮಾಡಿ ಮಲಗುತ್ತಿದ್ದ. ಹೋದ ವರ್ಷ ಅವನ ಮನೆಯ ಹಂಚನ್ನು ಅವನ ಹೆಂಡತಿ ಗುರವ್ವ ಒಬ್ಬಳೇ ತಿರುವಿ, ಊರಿಗೆಲ್ಲ ಕೇಳುವ ಹಾಗೆ ಬೈದಿದ್ದಳು.

ಮಾಳಪ್ಪ ತಲೆ ಕೆರೆದುಕೊಂಡ. "ನನಗ ಯಾರೂ ಮುಯ್ಯಿ ಕೊಡೂದಿಲ್ಲ. ಕಾಡಪ್ಪಣ್ಣಗೂ ಯಾರೂ ಕೊಡೂದಿಲ್ಲ. ಛಲೋ ಜೋಡಿ ಆತಲ್ಲಕ್ಕಾ! ಬರತೇನಿ."

ಬಂದ. ತಡವಾಗಿಯೇ ಬಂದ, ಆದರೆ ಮಲಗಲಿಲ್ಲ. ಅವನೂ ಕೆಂಪವ್ವನೂ ಸೇರಿ ಎರಡು ದಿನದಲ್ಲಿ ಹಂಚು ಹೊದಿಸಿದರು. ಎರಡನೆಯ ಸಂಜೆ ಕಾಡಪ್ಪ ರಸ್ತೆಯಿಂದ ಬಂದಾಗ ಅವಳು ನೇರವಾಗಿ ಹೇಳಿದಳು.

"ಮಾಳಪ್ಪ ಬಂದು ನಮ್ಮ ಹಂಚ ತಿರವ್ಯಾನ. ಮುಯ್ಯಿ ನಿಮ್ಮದು. ಸೋಮವಾರ ಅವನ ಮನಿ."

ಕಾಡಪ್ಪ ಟ್ರಂಕಿಳಿಸಿ ಅಂಗಳಕ್ಕೆ ಹೋಗಿ, ಮೇಲೆ ನೋಡಿದ. ಬಹಳ ಹೊತ್ತು ನೋಡಿದ.

"ಆ ಮೂಲಿ ಸಾಲ ಸೊಟ್ಟ ಹಾಕ್ಯಾನ," ಎಂದ.

ಏಳು ತಿಂಗಳಿನಲ್ಲಿ ಅವನು ರಸ್ತೆಯನ್ನು ಬಿಟ್ಟು ಬೇರೆಯದರ ಬಗ್ಗೆ ಆಡಿದ ಮೊದಲ ಮಾತು ಅದು. ಕೆಂಪವ್ವ ಒಳಗೆ ಹೋಗಿ, ಒಲೆಯ ಹೊಗೆಯ ನೆವದಲ್ಲಿ ಕಣ್ಣೊರೆಸಿಕೊಂಡಳು.

ಸೋಮವಾರ ಕಾಡಪ್ಪ ಎಂದಿನಂತೆ ಟ್ರಂಕೆತ್ತಿಕೊಂಡು ಹೊರಟ. ಅವಳು ತಡೆಯಲಿಲ್ಲ. "ಇವತ್ತ ಮಾಳಪ್ಪನ ಮನಿ," ಎಂದಳು. ಅವನು ಹೂಂ ಎಂದ, ಹೋದ. ಮಧ್ಯಾಹ್ನದೊಳಗೆ ಬರಬಹುದೆಂದು ಅವಳ ಲೆಕ್ಕ. ಅವಳು ಲೆಕ್ಕಕ್ಕೆ ಹಿಡಿಯದೇ ಇದ್ದದ್ದು ಮಾಳಪ್ಪನನ್ನು. ಜನ್ಮದಲ್ಲಿ ಮೊದಲ ಸಲ ಅವನನ್ನು ನಂಬಿ ಯಾರೋ ಒಬ್ಬರು ಮುಯ್ಯಿ ಹೊತ್ತಿದ್ದರು. ಆ ಹುರುಪಿನಲ್ಲಿ ಅವನು ನಸುಕಿನಲ್ಲೇ ಎದ್ದು, ಮುಯ್ಯಾಳು ಬರುವ ಮುಂಚೆಯೇ ಏಣಿ ಹತ್ತಿ, ಮೂಡಣ ಬದಿಯ ಹಂಚನ್ನೆಲ್ಲ ಇಳಿಸಿಬಿಟ್ಟಿದ್ದ. ಆಳು ಬಾರದೆ ಯಾರೂ ಮನೆ ಬಿಚ್ಚುವುದಿಲ್ಲ. ಬಿಚ್ಚಿದ ಮನೆಯ ಮೇಲೆ, ಊಟದ ಹೊತ್ತಿಗೆ, ಕಿತ್ತೂರಿನ ಕಡೆಯಿಂದ ಮೋಡ ಏರಿತು.

ಕೆಂಪವ್ವ ಓಡಿ ಬಂದಾಗ ಅಂಗಳದಲ್ಲಿ ಓಣಿಯೇ ನೆರೆದಿತ್ತು. ಗುರವ್ವ ಗಂಡನಿಗೂ ಮೋಡಕ್ಕೂ ಸೇರಿಸಿ ಬೈಯುತ್ತಿದ್ದಳು. ಲಗಮಪ್ಪ ಧೋತರ ಮೇಲೆ ಕಟ್ಟಿ ಏಣಿಯ ಮೇಲೆ ಕಾಲಿಟ್ಟಿದ್ದ.

"ಭಾವ, ಹತ್ತಬ್ಯಾಡ್ರಿ," ಎಂದಳು ಕೆಂಪವ್ವ.

"ಏನಂದಿ?"

"ನೀವು ಹತ್ತಿದ್ರ ಮುಯ್ಯಿ ನಿಮ್ಮದಾತು. ಅವರಿಗೆ ಏನೂ ಉಳೀಲಿಲ್ಲ."

"ತಲಿ ಕೆಟ್ಟೈತೇನ ನಿನಗೂ? ಮ್ಯಾಲೆ ನೋಡು!"

"ನೋಡೇನಿ." ಅವಳು ಗುರವ್ವನ ಕಡೆ ತಿರುಗಿದಳು. "ಅಕ್ಕಾ, ನಿನ್ನ ಕಾಳು ತೋಯಿಸಾಂಗಿಲ್ಲ." ಅಷ್ಟೆಂದು ಒಳಗೆ ಹೋಗಿ ಭತ್ತದ ಚೀಲವೊಂದನ್ನು ತಲೆಯ ಮೇಲೆ ಹೊತ್ತು ತನ್ನ ಮನೆಗೆ ನಡೆದಳು. ಮತ್ತೆ ಬಂದಳು, ಇನ್ನೊಂದನ್ನು ಹೊತ್ತಳು. ಗುರವ್ವನ ಬೈಗುಳ ನಿಂತಿತು. ಮೂರನೆಯ ಚೀಲಕ್ಕೆ ಅವಳೂ ಕೈ ಹಚ್ಚಿದಳು. ಜೋಳ, ಹಾಸಿಗೆ, ಒಲೆಯ ಕಟ್ಟಿಗೆ ಎಲ್ಲ ಆಚೆ ಹೋದವು. ಬರಿದಾದ ಮನೆಯ ನಡುವೆ ಮಾಳಪ್ಪ ಕುಳಿತು, ರೀಪುಗಳ ನಡುವಿನಿಂದ ಆಕಾಶ ನೋಡುತ್ತ, "ನಾನೂ ಯಾರನ್ನೂ ಹತ್ತಗೊಡಾಂಗಿಲ್ಲ. ಅಂವ ಬರತಾನ," ಎಂದ.

ಲಗಮಪ್ಪ ಏಣಿಯಿಂದ ಕಾಲು ತೆಗೆದ. ಕೆಂಪವ್ವ ರಸ್ತೆಯ ಕಡೆ ನಡೆದಳು.

ಹುಣಸೆ ಮರದ ಕೆಳಗೆ ಕಾಡಪ್ಪ ನಿಂತಿದ್ದ. ಅವಳು ಟ್ರಂಕಿನ ಪಕ್ಕದಲ್ಲಿ ಕುಳಿತು ಉಸಿರು ತಂದುಕೊಂಡಳು.

"ಮಾಳಪ್ಪನ ಮನಿ ಬಿಚ್ಚೈತಿ."

"ಎಷ್ಟು?"

"ಮೂಡಣ ಬಾಜೂ ಪೂರಾ."

ಅವನು ರಸ್ತೆಯಿಂದ ಕಣ್ಣು ತೆಗೆದ. "ಆಳು ಬರೂಕಿಂತ ಮೊದಲ ಬಿಚ್ಯಾನ? ಹುಚ್ಚ ಅದಾನೇನು ಅಂವ!"

"ಅದಾನ," ಎಂದಳು ಕೆಂಪವ್ವ.

"ಮಳಿ ಬರತೈತಿ. ಯಾರ ಹತ್ಯಾರ ಮ್ಯಾಲೆ?"

"ಯಾರೂ ಇಲ್ಲ. ಮುಯ್ಯಿ ನಿಮ್ಮದು."

"ಮತ್ತ ಏನ ಮಾಡಾಕ್ಹತ್ತಾರ ಅವರು?"

"ನಿಮ್ಮನ್ನ ಕಾಯಾಕ್ಹತ್ತಾರ."

ಕಾಯುವುದು ಎಂದರೇನೆಂದು ಆ ಸೀಮೆಯಲ್ಲಿ ಅವನಷ್ಟು ಬಲ್ಲವರಿರಲಿಲ್ಲ.

"ಎಷ್ಟೊತ್ತಿನಿಂದ?"

"ಮುಂಜಾನಿಂದ."

ಅವನು ಒಂದು ಹೆಜ್ಜೆ ಇಟ್ಟ, ನಿಂತ. "ಗಾಡಿ ಬಂದ್ರ?"

ಅವಳು ಆ ಪ್ರಶ್ನೆಗೆ ನಗಲಿಲ್ಲ, ಅದನ್ನು ತಳ್ಳಿಹಾಕಲಿಲ್ಲ. "ನಾ ಇಲ್ಲೇ ಕುಂದರತೇನಿ. ಬಂದ್ರ ಕೈ ಮಾಡಿ ನಿಲ್ಲಸತೇನಿ. ಅವರು ಕೆಲಸಕ್ಕ ಹೋಗ್ಯಾರ, ಬರೂತನಕ ನಿಂದರ್ರಿ ಅಂತ ಹೇಳತೇನಿ."

"ಬಿಟ್ಟ ಹೋಗಬಾರದು."

"ಹೋಗಾಂಗಿಲ್ಲ."

ಅವನು ಅವಳ ಮುಖ ನೋಡಿದ. ಕಾವಲು ಬದಲಾಗುವಾಗ ಒಬ್ಬ ಸಿಪಾಯಿ ಇನ್ನೊಬ್ಬನನ್ನು ನೋಡುವ ನೋಟ ಅದು. ನಂತರ ತಿರುಗಿ, ಮುರಿದು ಕೂಡಿದ ಕಾಲನ್ನು ಸ್ವಲ್ಪ ಎಳೆಯುತ್ತ, ಹೊಲದ ಹಾದಿಯಲ್ಲಿ ಓಡಿದ.

ಮಳೆ ಬಂತು. ಕೆಂಪವ್ವ ಸೆರಗನ್ನು ತಲೆಗೆಳೆದುಕೊಂಡು ಕುಳಿತೇ ಇದ್ದಳು. ಅವನು ಮುಟ್ಟಿದನೋ, ನಡುದಾರಿಯಲ್ಲಿ ನಿಂತನೋ ತಿಳಿಯುವ ಬಗೆ ಇರಲಿಲ್ಲ. ಎದ್ದು ಹೋಗಿ ನೋಡಬೇಕೆನಿಸಿತು. ಏಳಲಿಲ್ಲ. ಕೊಟ್ಟ ಮಾತಿಗೆ ತಪ್ಪದೆ, ಒಂದು ಮಿಲಿಟರಿ ಲಾರಿ ಬಂದಾಗ ನಿಜವಾಗಿಯೂ ಎದ್ದು ರಸ್ತೆಯ ಪಕ್ಕ ನಿಂತು ಕೈ ಮಾಡಿದಳು. ಅದು ನೀರು ಸಿಡಿಸಿ ಹೋಯಿತು. ಮತ್ತೆ ಕುಳಿತಳು. ತನ್ನ ಗಂಡ ದಿನವೂ ಇಲ್ಲಿ ಏನು ನೋಡುತ್ತಿದ್ದನೆಂದು ಆ ಮಧ್ಯಾಹ್ನ ಅವಳಿಗೆ ಅಷ್ಟಿಷ್ಟು ಗೊತ್ತಾಯಿತು. ಪ್ರತಿ ತಿರುವಿನಲ್ಲೂ ಏನೋ ಬರುತ್ತಿತ್ತು, ಬಂದದ್ದೆಲ್ಲ ಬೇರೆಯವರದಾಗಿರುತ್ತಿತ್ತು.

ಹೊತ್ತು ಇಳಿಯುವಾಗ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಲಗಮಪ್ಪ ಬಂದ.

"ಏಳವಾ," ಎಂದ. ದನಿ ಒದ್ದೆಯಾಗಿತ್ತು. "ನಿನ್ನನ್ನ ಕರಕೊಂಡು ಬಾ ಅಂತ ಕಾಡಪ್ಪನೇ ಕಳಿಸ್ಯಾನ. ಮಳ್ಯಾಗ ನಿಂತು ಮೂಡಣ ಬಾಜೂ ಮುಗಸಿದ. ಮಾಳಪ್ಪ ಕೊಡೂದು, ಇಂವ ಹೊದಸೂದು. ಮಾಳಪ್ಪಗ ಎಂಥಾ ಬೈಗಳ ಬೈದ ಅಂತಿ, ಗುರವ್ವನೂ ಬೆರಗಾಗಿ ನಿಂತ್ಲು."

ಟ್ರಂಕನ್ನು ಎತ್ತಿಕೊಂಡು ಇಬ್ಬರೂ ಹೊಲದ ಹಾದಿಯಲ್ಲಿ ನಡೆದರು.

"ನನ್ನ ಮನಿ ಹಂಚೂ ಹಂಗ ಉಳದೈತಿ, ಕೆಂಪವ್ವ," ಎಂದ ಲಗಮಪ್ಪ. "ಅವನ್ನ ಒಂದೆರಡ ದಿವಸ ಕಳಸ್ತೀಯೇನು?"

"ನನ್ನ ಯಾಕ ಕೇಳ್ತೀರಿ, ಭಾವ? ಮುಯ್ಯಿ ಹೆಂಗಸರು ಕಳಸೂದಲ್ಲ. ಅವರನ್ನ ಕೇಳ್ರಿ."

ಆ ಒಂದು ದಿನಕ್ಕೆ ಕಾಡಪ್ಪ ಗುಣವಾದನೆಂದು ಯಾರೂ ತಿಳಿಯಬಾರದು. ಮುಂದೆಯೂ ಎಷ್ಟೋ ಬೆಳಿಗ್ಗೆ ಅವನು ರಸ್ತೆಗೆ ಹೋದ. ಒಂದು ಸಲ ಕೆಂಪವ್ವ ಅವನನ್ನು ಧಾರವಾಡಕ್ಕೂ ಕರೆದೊಯ್ದಳು, ಡಾಕ್ಟರಿಗೆ ತೋರಿಸಿ ಅದೇ ಸಂಜೆ ಜೊತೆಗೇ ಕರೆತಂದಳು. ಅವನು ರಸ್ತೆಗೆ ಹೋಗದ ದಿನಗಳನ್ನು ಅವಳು ಹಂಚಿನ ಹಾಗೆ ಒಂದರ ಪಕ್ಕ ಒಂದು ಜೋಡಿಸಿದಳು. ಅದಕ್ಕೆ ವರ್ಷಗಳು ಹಿಡಿದವು.

ಆದರೆ ಆ ಸೋಮವಾರದ ಸಂಜೆ, ಅವರಿಬ್ಬರೂ ಬಂದಾಗ, ಕಾಡಪ್ಪ ಮಾಳಪ್ಪನ ಮನೆಯಲ್ಲಿ ಊಟಕ್ಕೆ ಕುಳಿತಿದ್ದ. ಮುಯ್ಯಾಳಿಗೆ ಬಡಿಸುವ ಹಾಗೆ ಗುರವ್ವ ಅವನಿಗೇ ಮೊದಲು ಬಡಿಸಿದ್ದಳು. ಮಣ್ಣು ಮೆತ್ತಿದ ಮುಂಗೈಗಳು, ಒದ್ದೆ ತಲೆ. ಲಗಮಪ್ಪ ಬಾಗಿಲಲ್ಲೇ ನಿಂತ. ಅಣ್ಣನಾಗಿ ಎಷ್ಟೋ ವರ್ಷ ಅವನು ತಮ್ಮನಿಗೆ ಹೇಳಿದ್ದನೇ ಹೊರತು ಕೇಳಿದ್ದಿಲ್ಲ.

"ಕಾಡಪ್ಪ, ನಾಳಿ ನನ್ನ ಮನಿಗೆ ಬರತೀಯೇನಪಾ? ಹಂಚಿಗೆ."

ಕಾಡಪ್ಪ ತುತ್ತು ನುಂಗಿ, ಸ್ವಲ್ಪ ಯೋಚಿಸಿದ.

"ನಾಳಿ ಆಗಾಂಗಿಲ್ಲ. ಇವರ ಪಡುವಣ ಬಾಜೂ ಉಳದೈತಿ. ಆಮ್ಯಾಲೆ ದನದ ಕೊಟಗಿ. ಕಾರಹುಣ್ಣಿವಿ ಮರದಿನ ಬರತೇನಿ."

ಕೆಂಪವ್ವ ಲಗಮಪ್ಪನ ಮುಖ ನೋಡಿದಳು. ಲಗಮಪ್ಪ ಅವಳ ಕಡೆ ನೋಡಲಿಲ್ಲ.

"ಆತು," ಎಂದ. "ಹುಣ್ಣಿವಿ ಮರದಿನ."

"ನಾ ಬರೂತನಕ ಬಿಚ್ಚಬ್ಯಾಡ ಮತ್ತ," ಎಂದ ಕಾಡಪ್ಪ, ಮತ್ತು ಗುರವ್ವನ ಮುಂದೆ ಸಾರಿಗಾಗಿ ತಾಟು ಹಿಡಿದ.